ಗುಳಿಗೆ, ಹರಕೆ ಮತ್ತು ಪೂರ್ವಕರ್ಮ

ಮಕ್ಕಳಿಗಾಗಿ ಹರಕೆ ಹೊರುವುದು ಅಕ್ಕೋಳ, ನಿಪ್ಪಾಣಿಯಿಂದ ಅಥಣಿವರೆಗಿನ ಸೀಮೆಗೆ ಹೊಸದಲ್ಲ. ಚಿಂಚಲಿ ಮಾಯಕ್ಕನ ಮುಂದೆ, ಸವದತ್ತಿ ಯಲ್ಲಮ್ಮನ ಮುಂದೆ ಸೆರಗೊಡ್ಡಿ ಬೇಡಿದವರು ಎಷ್ಟೋ ಮಂದಿ. ಹರಕೆಯ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ಅದು ಕೈಗೂಡದಿದ್ದಾಗ ಮನೆಯವರು ಕೊಡುವ ತೀರ್ಪಿನ ಮೇಲೆ: ‘ಅವಳ ಪೂರ್ವಕರ್ಮ, ಅನುಭವಿಸಲಿ.’ ಕರ್ಮವನ್ನು ಮನಸಾರೆ ನಂಬುವವರೂ ಈ ತೀರ್ಪನ್ನು ಒಪ್ಪುವಂತಿಲ್ಲ ಎನ್ನುತ್ತೇನೆ.

ಇದೇ ಸೀಮೆಯ ಭೋಜ ಗ್ರಾಮದ ಆಚಾರ್ಯ ಶಾಂತಿಸಾಗರರು 20ನೆಯ ಶತಮಾನದಲ್ಲಿ ದಿಗಂಬರ ಮುನಿಧರ್ಮಕ್ಕೆ ಮರುಜೀವ ಕೊಟ್ಟರು. ಅವರ ತಪಸ್ಸಿಗೆ ಆಧಾರವಾದದ್ದು ನಿರ್ಜರೆಯ ತತ್ತ್ವ, ಅಂದರೆ ಅಂಟಿದ ಕರ್ಮವನ್ನು ಪ್ರಯತ್ನದಿಂದ ಉದುರಿಸಬಹುದು ಎಂಬುದು. ಕರ್ಮ ಕದಲದ ಬಂಡೆಯಾಗಿದ್ದರೆ ತಪಸ್ಸಿಗೇನು ಕೆಲಸ? ಶರಣರಂತೂ ಮುಟ್ಟು, ಹೆರಿಗೆಯ ಸೂತಕವನ್ನೇ ತಳ್ಳಿಹಾಕಿದವರು. ಹೆಣ್ಣಿನ ದೇಹದಲ್ಲಿ ಪಾಪದ ಗುರುತು ಹುಡುಕುವವರಿಗೆ ಅಲ್ಲೂ ಆಸರೆಯಿಲ್ಲ. ಇನ್ನು ಆ ದೇಹದೊಳಗೆ ನಡೆಯುವುದನ್ನು ನೋಡಿ. ಥೈರಾಯ್ಡ್ ಮಂದವಾದರೆ ಪಿಟ್ಯುಟರಿ ಗ್ರಂಥಿ ಅದನ್ನು ಚುರುಕುಗೊಳಿಸಲು ಹೆಚ್ಚು ಟಿಎಸ್‌ಎಚ್ ಸುರಿಸುತ್ತದೆ. ಕೆಲವರಲ್ಲಿ ಪ್ರೊಲ್ಯಾಕ್ಟಿನ್ ಕೂಡ ಏರುತ್ತದೆ. ಆಗ ಮುಟ್ಟು ಏರುಪೇರಾಗಿ ಅಂಡಾಣು ಹೊರಬೀಳುವುದೇ ತಪ್ಪಬಹುದು. ಗರ್ಭ ನಿಂತ ಮೇಲೂ ಮೊದಲ ಮೂರು ತಿಂಗಳು ಶಿಶುವಿಗೆ ತಾಯಿಯ ಥೈರಾಕ್ಸಿನ್ನೇ ಗತಿ. ಆದ್ದರಿಂದಲೇ ಈ ತೊಂದರೆಗೆ ಗುಳಿಗೆ ನುಂಗುತ್ತಿರುವವರು ಗರ್ಭ ಬಯಸಿದಾಗ ಟಿಎಸ್‌ಎಚ್ 2.5ರೊಳಗೆ ಇರಲಿ ಎಂದು ವೈದ್ಯರು ನೋಡುತ್ತಾರೆ, ಗರ್ಭ ನಿಂತೊಡನೆ ಗುಳಿಗೆಯ ಪ್ರಮಾಣವನ್ನು ಕಾಲುಭಾಗದಷ್ಟೋ ಇನ್ನೂ ತುಸು ಜಾಸ್ತಿಯೋ ಏರಿಸುತ್ತಾರೆ. ರಕ್ತಪರೀಕ್ಷೆಯಲ್ಲಿ ಕಾಣುವ, ಗುಳಿಗೆಯಿಂದ ಸರಿಹೋಗುವ ಕೊರತೆಯನ್ನು ಪರೀಕ್ಷೆಯನ್ನೇ ಮಾಡಿಸದೆ ಕರ್ಮವೆನ್ನುವುದು ಭಕ್ತಿಯಲ್ಲ, ಸೋಮಾರಿತನ.

ವ್ರತನಿಷ್ಠರಿಗೆ ಒಂದು ಅಳುಕು ಇರುತ್ತದೆ: ಗುಳಿಗೆ ನುಂಗಿದರೆ ಉಪವಾಸ ಕೆಡುವುದಿಲ್ಲವೇ? ಈ ಗುಳಿಗೆ, ಅಂದರೆ ಲೆವೊಥೈರಾಕ್ಸಿನ್, ಖಾಲಿ ಹೊಟ್ಟೆಯಲ್ಲೇ, ಚಹಾಕ್ಕೆ ಅರ್ಧ ಮುಕ್ಕಾಲು ಗಂಟೆ ಮೊದಲು ನೀರಿನೊಡನೆ ನುಂಗುವಂಥದ್ದು. ಸೋಮವಾರದ ಒಪ್ಪತ್ತಿಗೆ ಅದರಿಂದ ಅಡ್ಡಿಯಿಲ್ಲ. ನೀರನ್ನೂ ಬಿಡುವ ಹಲವು ದಿನಗಳ ಉಪವಾಸ ಬೇರೆ ಮಾತು. ಔಷಧಿಯ ಅರ್ಧಾಂಶ ರಕ್ತದಲ್ಲಿ ವಾರದ ಮಟ್ಟಿಗೆ ಉಳಿಯುವುದು ನಿಜ, ಆದರೆ ಗರ್ಭಕ್ಕೆ ಕಾದಿರುವವರು ಅಂಥ ವ್ರತ ಹಿಡಿಯುವ ಮುನ್ನ ವೈದ್ಯರನ್ನು ಕೇಳುವುದೇ ಲೇಸು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಕರ್ಮದ ಜಾಗಕ್ಕೆ ರಿಪೋರ್ಟಿನ ಅಂಕಿ ಬಂತು, ಹೊಣೆ ಮಾತ್ರ ಹೆಣ್ಣಿನ ತಲೆಯ ಮೇಲೇ ಉಳಿಯಿತಲ್ಲ? ಈ ಅಪಾಯ ನಿಜವಾದದ್ದು. ಗುಳಿಗೆ ಕೊರತೆಯನ್ನು ತುಂಬುತ್ತದೆ, ಮಗುವಿನ ಭರವಸೆ ಕೊಡುವುದಿಲ್ಲ. ಥೈರಾಯ್ಡ್ ಸರಿಯಿದ್ದು ಅದರ ವಿರುದ್ಧದ ಪ್ರತಿಕಾಯಗಳಷ್ಟೇ ಇರುವ ಮಹಿಳೆಯರಿಗೆ ಲೆವೊಥೈರಾಕ್ಸಿನ್ ಕೊಟ್ಟರೂ ಜೀವಂತ ಹೆರಿಗೆಗಳು ಹೆಚ್ಚಲಿಲ್ಲವೆಂದು ಬ್ರಿಟನ್ನಿನ ದೊಡ್ಡ ಅಧ್ಯಯನವೊಂದು 2019ರಲ್ಲಿ ತೋರಿಸಿತು. ಅಂಕಿ ಸರಿಹೋದ ಮೇಲೂ ಉಳಿಯುವ ಅನಿಶ್ಚಿತತೆಯಲ್ಲಿ ಹರಕೆಗೆ ಜಾಗವಿದೆ, ಬೈಗುಳಕ್ಕಿಲ್ಲ. ಹೊಣೆಯ ಮಾತೇ ಆಡುವುದಾದರೆ, ಹೆಂಡತಿಯ ರಕ್ತಪರೀಕ್ಷೆಯ ದಿನವೇ ಗಂಡನ ವೀರ್ಯಪರೀಕ್ಷೆಯೂ ಆಗಲಿ.