ಸ್ವಗುಣಕಥನವೂ ಸತ್ಯಾಣುವ್ರತವೂ

ದಶಲಕ್ಷಣ ಪರ್ವದ ಮೂರನೆಯ ದಿನ ಉತ್ತಮ ಆರ್ಜವ ಧರ್ಮದ ಸ್ವಾಧ್ಯಾಯ ಮುಗಿದು ಹಿರಿಯರೆಲ್ಲರೂ ಏಳುತ್ತಿದ್ದ ಸಮಯದಲ್ಲಿ, ಸೊರಬದ ಕಡೆಯ ತರುಣನೊಬ್ಬನು ನನ್ನ ಬಳಿಗೆ ಬಂದು ಪ್ರಶ್ನೆಯೊಂದನ್ನು ಮುಂದಿಟ್ಟನು. ಅವನು ಎಂಜಿನಿಯರಿಂಗ್ ಪದವೀಧರ. 2020ರ ಮಹಾಮಾರಿಯ ಕಾಲದಲ್ಲಿ ಬೆಂಗಳೂರಿನ ಕೋಣೆಯನ್ನು ಖಾಲಿ ಮಾಡಿ ಊರಿಗೆ ಬಂದವನು, ಅಡಿಕೆಯ ತೋಟವನ್ನೂ ವೃದ್ಧೆಯಾದ ತಾಯಿಯನ್ನೂ ಬಿಟ್ಟು ಮರಳಿ ಹೋಗಲಾರದೆ ಇಲ್ಲಿಯೇ ನೆಲೆನಿಂತನು. ಅಂತರಜಾಲದ ಮೂಲಕ ಪರದೇಶದವರ ಬಿಡಿ ಕೆಲಸಗಳನ್ನು ಪಡೆದು ಜೀವನ ಸಾಗಿಸಬೇಕೆಂಬುದು ಅವನ ಸಂಕಲ್ಪ. "ಕೆಲಸ ಬೇಕಾದರೆ ಮೊದಲು ನನ್ನನ್ನು ನಾನೇ ಹೊಗಳಿಕೊಂಡು ಪತ್ರ ಬರೆಯಬೇಕು. ಇದ್ದುದನ್ನು ಇದ್ದಂತೆ ಬರೆದರೆ ಯಾರೂ ಓದುವುದಿಲ್ಲ. ಎರಡು ವರ್ಷದ ಅನುಭವವನ್ನು ಐದು ವರ್ಷವೆಂದು ಬರೆದರೆ ಅದು ಎಷ್ಟು ದೊಡ್ಡ ದೋಷ?" ಎಂದು ಅವನು ಕೇಳಿದನು. ಆಗಷ್ಟೇ ಮಾಯಾಕಷಾಯದ ಕುರಿತು ಅರ್ಧ ಗಂಟೆ ಮಾತನಾಡಿದ್ದ ನನಗೆ ಒಡನೆಯೇ ಉತ್ತರ ತೋಚಲಿಲ್ಲ. ದೋಷವೆಂದು ಹೇಳುವುದು ಸುಲಭವಾಗಿತ್ತು. ಆದರೆ ಅವನ ಪ್ರಶ್ನೆಯ ಮೊದಲ ಅರ್ಧವೇ ಎರಡನೆಯದಕ್ಕಿಂತ ಕಠಿಣವಾದುದೆಂದು ಆಮೇಲೆ ಹೊಳೆಯಿತು.

ಈ ವ್ಯವಸ್ಥೆಯನ್ನು ಕಾಣದ ಹಿರಿಯರಿಗಾಗಿ ನಾಲ್ಕು ಮಾತು. ಅಮೆರಿಕದಲ್ಲಿ 1999ರಲ್ಲಿ ಇಲಾನ್ಸ್, 2003ರಲ್ಲಿ ಓಡೆಸ್ಕ್ ಎಂಬ ಸಂಸ್ಥೆಗಳು ಹುಟ್ಟಿದವು. ಎರಡೂ ಕೂಡಿ 2015ರಲ್ಲಿ ಅಪ್‌ವರ್ಕ್ ಎಂಬ ಹೆಸರನ್ನು ತಾಳಿದವು. ಫ್ರೀಲ್ಯಾನ್ಸರ್, ಫೈವರ್ ಮೊದಲಾದವು ಇದೇ ಜಾತಿಯವು. ಕೆಲಸ ಮಾಡಿಸಬೇಕಾದವನು ತನ್ನ ಅಗತ್ಯವನ್ನು ಪ್ರಕಟಿಸುತ್ತಾನೆ. ಮಾಡಬಲ್ಲವರು ಪ್ರಸ್ತಾವಪತ್ರ ಬರೆಯುತ್ತಾರೆ. ಅವನು ಒಬ್ಬನನ್ನು ಆರಿಸುತ್ತಾನೆ. ಅಪ್‌ವರ್ಕ್‌ನಲ್ಲಿ ಪತ್ರ ಕಳುಹಿಸಲು 'ಕನೆಕ್ಟ್' ಎಂಬ ಟೋಕನ್ನುಗಳನ್ನು ತಲಾ 15 ಸೆಂಟ್‌ಗೆ ಕೊಳ್ಳಬೇಕು. ಒಂದು ಪತ್ರಕ್ಕೆ ಹತ್ತು ಟೋಕನ್ನು ಬೇಕಾದರೆ ಇಪ್ಪತ್ತು ಪತ್ರಗಳಿಗೆ ಮೂವತ್ತು ಡಾಲರು ಕೈಬಿಟ್ಟಿತು. ಕೆಲಸ ದೊರೆತ ಮೇಲೆ ಸಂಪಾದನೆಯಲ್ಲಿ ಸಂಸ್ಥೆಯ ಪಾಲೂ ಉಂಟು. 2023ರಲ್ಲಿ ಅದನ್ನು ಏಕರೂಪವಾಗಿ ಶೇಕಡಾ 10 ಎಂದು ಮಾಡಿದ್ದರು, 2025ರಲ್ಲಿ ಕೆಲಸಕ್ಕೆ ತಕ್ಕಂತೆ ಶೇಕಡಾ 0ಯಿಂದ 15ರವರೆಗೆ ಎಂದಾಯಿತು. ಹೀಗೆ ಕೈಯಿಂದ ಹಣ ಹಾಕಿ ಪತ್ರ ಬರೆದು, ಉತ್ತರವಿಲ್ಲದೆ ಕುಳಿತ ಮನುಷ್ಯನಿಗೆ ಸುಳ್ಳು ಹೇಳುವ ಆಸೆ ಹುಟ್ಟುವುದು ದುಷ್ಟತನದಿಂದಲ್ಲ, ದಣಿವಿನಿಂದ. ಉಪದೇಶ ಮಾಡಹೊರಡುವ ನಮ್ಮಂಥವರು ಮೊದಲು ಇದನ್ನು ಅರಿಯತಕ್ಕದ್ದು.

ಈಗ ಶಾಸ್ತ್ರದ ಮಾತು. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳನ್ನು ಹೇಳುವಾಗ 'ಕೂಟಲೇಖಕ್ರಿಯೆ'ಯನ್ನು ಸೇರಿಸಿದ್ದಾರೆ. ಸುಳ್ಳು ಬರಹವೆಂದೇ ಅದರ ಅರ್ಥ. ನಾಲಗೆಯ ಅಸತ್ಯವೂ ಲೇಖನಿಯ ಅಸತ್ಯವೂ ಒಂದೇ ಎಂದು ಬಿಟ್ಟುಬಿಡದೆ ಬರಹವನ್ನು ಬೇರೆಯಾಗಿ ಹೆಸರಿಸಿದ್ದೇಕೆಂದು ನಾನು ಬಹಳ ಸಲ ಯೋಚಿಸಿದ್ದೇನೆ. ಆಡಿದ ಮಾತು ಕೇಳಿದವನ ಎದುರಿನಲ್ಲಿಯೇ ಸಾಯುತ್ತದೆ. ಬರೆದದ್ದು ನಾವು ನಿದ್ರಿಸುವಾಗಲೂ ಇನ್ನೊಬ್ಬನಿಗೆ ಸುಳ್ಳು ಹೇಳುತ್ತಲೇ ಇರುತ್ತದೆ. ಸೊರಬದಲ್ಲಿ ರಾತ್ರಿ ಬರೆದು ಕಳುಹಿಸಿದ ಪತ್ರವು ಹಗಲಾಗಿರುವ ದೇಶದಲ್ಲಿ ಅದೇ ಗಳಿಗೆಗೆ ಓದಲ್ಪಡುತ್ತದೆ. ವರ್ತಕರ ಕೂಟಪತ್ರಗಳನ್ನು ಮನಸ್ಸಿನಲ್ಲಿಟ್ಟು ಹೇಳಿದ ಅತಿಚಾರವು ಇಂದಿನ ಪ್ರಸ್ತಾವಪತ್ರಕ್ಕೆ ಒಪ್ಪವಾಗಿ ಹೊಂದುತ್ತದೆ. ಎರಡನ್ನು ಐದೆಂದು ಬರೆಯುವುದು ಕೂಟಲೇಖ. ಇದರಲ್ಲಿ ಚರ್ಚೆಗೆ ಎಡೆಯಿಲ್ಲ. ಇನ್ನೊಬ್ಬನು ರಚಿಸಿದ ವಿನ್ಯಾಸವನ್ನು ತನ್ನದೆಂದು ಮಾದರಿಯಾಗಿ ತೋರಿಸುವುದು ಅಚೌರ್ಯಾಣುವ್ರತದ ಅತಿಚಾರವಾದ 'ಪ್ರತಿರೂಪಕ ವ್ಯವಹಾರ'; ಒಂದನ್ನು ತೋರಿಸಿ ಇನ್ನೊಂದನ್ನು ಮಾರುವುದು. ಹಿಂದಿನ ಗಿರಾಕಿಯು ಗುಟ್ಟಾಗಿಡಲು ಕೊಟ್ಟ ಕೆಲಸವನ್ನು ಹೊಸ ಗಿರಾಕಿಗೆ ತೋರಿಸಿ ಮೆಚ್ಚಿಸುವುದಂತೂ ಸುಳ್ಳೇ ಅಲ್ಲ, ಆದರೂ ಅದು ರಹಸ್ಯಭೇದ. ಸತ್ಯವನ್ನು ಹೇಳಿಯೂ ಸತ್ಯವ್ರತಕ್ಕೆ ಕಲೆ ಹತ್ತಿಸಿಕೊಳ್ಳಬಹುದೆಂಬುದನ್ನು ನಮ್ಮ ಯುವಕರು ಬಹಳವಾಗಿ ಗಮನಿಸಿದಂತೆ ಕಾಣುವುದಿಲ್ಲ.

ಇಷ್ಟು ಸುಲಭದ ಭಾಗ. ಕಠಿಣವಾದುದು ಆರನೆಯ ಅಧ್ಯಾಯದಲ್ಲಿದೆ. ಅಲ್ಲಿ ನೀಚಗೋತ್ರ ಕರ್ಮದ ಆಸ್ರವಕ್ಕೆ ಕಾರಣಗಳಾಗಿ ಪರನಿಂದೆ, ಆತ್ಮಪ್ರಶಂಸೆ, ಪರರಲ್ಲಿರುವ ಗುಣವನ್ನು ಮುಚ್ಚುವುದು, ತನ್ನಲ್ಲಿಲ್ಲದ ಗುಣವನ್ನು ಹೊರಗೆ ತೋರಿಸುವುದು ಎಂಬಿವುಗಳನ್ನು ಹೇಳಿದೆ. ಕಡೆಯದು ಸ್ಪಷ್ಟ. ಆದರೆ ಆತ್ಮಪ್ರಶಂಸೆಯನ್ನು ಅದರಿಂದ ಬೇರೆ ಮಾಡಿ ಹೇಳಿರುವುದರಿಂದ, ಇರುವ ಗುಣವನ್ನು ಹೇಳಿಕೊಳ್ಳುವುದೂ ದೋಷವೆಂದಾಗುವುದಿಲ್ಲವೇ? ಹಾಗಾದರೆ ಸತ್ಯವಾದ ಪ್ರಸ್ತಾವಪತ್ರವೂ ಶ್ರಾವಕನಿಗೆ ವರ್ಜ್ಯವೇ? ವರ್ಜ್ಯವೆಂದರೆ ಈ ಕಾಲದಲ್ಲಿ ಗೃಹಸ್ಥನು ಉಣ್ಣುವುದೆಂತು? ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಗೃಹಸ್ಥನ ಅರ್ಹತೆಗಳನ್ನು ಎಣಿಸುವಾಗ ಎಲ್ಲಕ್ಕೂ ಮೊದಲು ನ್ಯಾಯೋಪಾತ್ತಧನವನ್ನು, ಎಂದರೆ ನ್ಯಾಯದಿಂದ ಗಳಿಸಿದ ಹಣವನ್ನು ಇಟ್ಟಿದ್ದಾರೆ. ನ್ಯಾಯವಾಗಿ ಗಳಿಸೆಂದು ಒಂದು ಕಡೆ, ನಿನ್ನನ್ನು ನೀನು ಹೇಳಿಕೊಳ್ಳಬೇಡವೆಂದು ಇನ್ನೊಂದು ಕಡೆ. ನಡುವೆ ಸಿಕ್ಕಿದವನು ಸೊರಬದ ಆ ತರುಣ.

ಪೂಜ್ಯಪಾದರ ಸರ್ವಾರ್ಥಸಿದ್ಧಿಯಲ್ಲಿ ಇದಕ್ಕೆ ಸಣ್ಣದೊಂದು ಬೆಳಕಿಂಡಿ ಇದೆ. ನಿಂದೆ, ಪ್ರಶಂಸೆಗಳನ್ನು ಅವರು ವಿವರಿಸುವುದು ಇಚ್ಛೆ, ಅಭಿಪ್ರಾಯಗಳ ಮೂಲಕ. ಗುಣವನ್ನು ಮೆರೆಸಬೇಕೆಂಬ ಅಭಿಪ್ರಾಯವೇ ಪ್ರಶಂಸೆ. ಅಂದಮೇಲೆ ಗುಣದ ಉಚ್ಚಾರಣೆ ಮಾತ್ರವೇ ಪ್ರಶಂಸೆಯಾಗಲಿಲ್ಲ. ರೋಗಿಯು "ಕಣ್ಣಿನ ರೋಗ ನಿಮಗೆ ತಿಳಿಯುವುದೇ?" ಎಂದು ಕೇಳಿದಾಗ ವೈದ್ಯನು "ತಿಳಿಯುತ್ತದೆ, ಆದರೆ ಶಸ್ತ್ರಚಿಕಿತ್ಸೆ ನಾನು ಮಾಡುವುದಿಲ್ಲ" ಎಂದರೆ ಅವನು ತನ್ನನ್ನು ಹೊಗಳಿಕೊಂಡನೇ? ಅವನು ಉತ್ತರ ಕೊಟ್ಟನು. ಕೇಳಿದ ಪ್ರಶ್ನೆಗೆ, ಕೇಳಿದವನ ಹಿತಕ್ಕಾಗಿ, ಬೇಕಾದಷ್ಟು ಹೇಳುವುದು ಬೇರೆ. ಕೇಳದಿದ್ದುದನ್ನು ತನ್ನ ಉಬ್ಬಿಗಾಗಿ ಹೇಳುವುದು ಬೇರೆ. ಎರಡರಲ್ಲಿಯೂ ಪದಗಳು ಒಂದೇ ಇರಬಹುದು. ಇದು ಜಾಣತನದ ತಪ್ಪಿಸಿಕೊಳ್ಳುವಿಕೆಯಾಗುವ ಭಯವೂ ಉಂಟು. ಅಭಿಪ್ರಾಯವನ್ನು ಕಂಡವರು ಯಾರು? ಆದರೆ ಪತ್ರವನ್ನು ಎದುರಿಗಿಟ್ಟುಕೊಂಡು ಪ್ರತಿ ವಾಕ್ಯಕ್ಕೂ "ಇದು ಅವನಿಗೆ ಬೇಕೋ, ನನಗೆ ಬೇಕೋ" ಎಂದು ಕೇಳಿಕೊಂಡರೆ, ಬರೆದವನಿಗಾದರೂ ತಿಳಿಯುತ್ತದೆ.

ನಮ್ಮ ಸೀಮೆಯಲ್ಲಿಯೇ ಇದಕ್ಕೆ ಹಳೆಯ ದೃಷ್ಟಾಂತವಿದೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ಹನ್ನೆರಡನೆಯ ಶತಮಾನದಲ್ಲಿ ಊರು ಬಿಟ್ಟು ಬೇಲೂರಿಗೆ ಹೋಗಿ, ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠಾಪಿಸಿದ ಚೆನ್ನಕೇಶವ ದೇವಾಲಯದಲ್ಲಿ ಕೆಲಸ ಮಾಡಿದರು. ಹೊರ ಊರಿನ ದೊಡ್ಡ ಕೆಲಸವನ್ನು ಹಿಡಿದ ಬಿಡಿ ಕಸುಬುದಾರರೆಂದು ಅವರನ್ನು ಕರೆದರೆ ತಪ್ಪಾಗಲಾರದು. ಮೂರ್ತಿಗಳ ಪೀಠದಲ್ಲಿ ಅಲ್ಲಿಯ ರೂವಾರಿಗಳು ತಮ್ಮ ಹೆಸರನ್ನು ಕೊರೆದಿದ್ದಾರೆ. ಹೆಸರಿನ ಜೊತೆಗೆ, ಬಿರುದು ಹೊತ್ತ ಎದುರಾಳಿ ರೂವಾರಿಗಳನ್ನು ಅಡಗಿಸುವವರು ತಾವೆಂಬ ಧಾಟಿಯ ಬಿರುದುಗಳೂ ಇವೆ. ಶ್ರವಣಬೆಳ್ಗೊಳದ ಶಾಸನಗಳನ್ನು ಕಂಡರಿಸಿದ ಗಂಗಾಚಾರಿಗೂ ಇಂಥ ಬಿರುದಿನ ಮೋಹ ತಪ್ಪಲಿಲ್ಲ. ಸೂತ್ರದ ಅಳತೆಯಲ್ಲಿ ಇದು ಆತ್ಮಪ್ರಶಂಸೆಯೂ ಹೌದು, ಪರನಿಂದೆಯೂ ಹೌದು. ನಾನು ಅದನ್ನು ಸಮರ್ಥಿಸುವುದಿಲ್ಲ. ಆದರೆ ಒಂದು ವ್ಯತ್ಯಾಸವನ್ನು ನೋಡಬೇಕು. ಬಿರುದು ಕೆಳಗೆ, ಮೂರ್ತಿ ಮೇಲೆ. ಓದಿದವನು ತಲೆಯೆತ್ತಿದರೆ ಸಾಕು, ಮಾತು ನಿಜವೋ ಅಲ್ಲವೋ ಎಂಬುದು ಕಣ್ಣಿಗೆ ಬೀಳುತ್ತದೆ. ಇಂದಿನ ಪತ್ರಗಳಲ್ಲಿ ಬಿರುದು ಮಾತ್ರ ಉಳಿದು ಮೂರ್ತಿ ಕಾಣೆಯಾಗಿದೆ. "ಅತ್ಯಂತ ಪರಿಶ್ರಮಿ", "ಶೇಕಡಾ ನೂರು ತೃಪ್ತಿ" ಎಂದು ನಲವತ್ತು ಮಂದಿ ಒಂದೇ ಮಾತನ್ನು ಬರೆದರೆ ಓದುವವನು ಯಾವ ಕಂಬವನ್ನು ನೋಡಿ ನಿರ್ಣಯಿಸಬೇಕು?

ಅದೇ ತಾಲ್ಲೂಕಿನ ಬಂದಳಿಕೆಯಲ್ಲಿ ಬೇರೆ ರೀತಿಯ ಹೊಗಳಿಕೆ ಇದೆ. ಹತ್ತನೆಯ ಶತಮಾನದ ಆದಿಯಲ್ಲಿ ಗಂಡನ ಮರಣಾನಂತರ ನಾಗರಖಂಡ ಎಪ್ಪತ್ತರ ಆಡಳಿತವನ್ನು ವಹಿಸಿಕೊಂಡ ಶ್ರಾವಕಿ ಜಕ್ಕಿಯಬ್ಬೆ, ರೋಗ ಬಂದಾಗ ಅಧಿಕಾರವನ್ನು ಮಗಳಿಗೊಪ್ಪಿಸಿ ಅಲ್ಲಿಯ ಬಸದಿಯಲ್ಲಿ ಸಲ್ಲೇಖನ ಕೈಕೊಂಡಳು. ಅವಳ ಆಡಳಿತಕೌಶಲವನ್ನು ಶಾಸನ ಕೊಂಡಾಡುತ್ತದೆ. ಕೊಂಡಾಡಿದವರು ಇತರರು, ಕೆಲಸ ಮುಗಿದ ಮೇಲೆ. ಇಂದು ಗಿರಾಕಿಗಳು ಕೆಲಸ ಮುಗಿದ ಮೇಲೆ ಕೊಡುವ ಅಂಕ, ಬರೆಯುವ ಅಭಿಪ್ರಾಯಗಳ ಮೂಲ ಧರ್ಮವೂ ಇದೇ. ಅವನ್ನು ದುಡ್ಡು ಕೊಟ್ಟು ಬರೆಸುವವರು ಇದ್ದಾರೆಂದು ಕೇಳಿದಾಗ ನನಗೆ ಬಂದಳಿಕೆಯ ಕಲ್ಲು ನೆನಪಾಗಿ ನಾಚಿಕೆಯಾಯಿತು.

ಹಾಗಾದರೆ ಹೇಗೆ ಬರೆಯಬೇಕು? ಭಾಷಾಸಮಿತಿಯ ವಿವರಣೆಯಲ್ಲಿ ಬರುವ ಹಿತ, ಮಿತ, ಪ್ರಿಯ ಎಂಬ ಮೂರು ಮಾತುಗಳು ಮುನಿಗಳಿಗೆ ಹೇಳಿದವಾದರೂ ಈ ಕಸುಬಿಗೂ ಸಲ್ಲುತ್ತವೆ. ಹಿತವೆಂದರೆ ಪತ್ರವು ಅವನ ಕಷ್ಟದಿಂದ ಆರಂಭವಾಗಬೇಕು, ನಮ್ಮ ಹೆಸರಿನಿಂದಲ್ಲ. ಅವನು ಬರೆದದ್ದನ್ನು ಎರಡು ಸಲ ಓದಿ, "ನಿಮ್ಮ ಅಂಗಡಿಯ ಪುಟ ಮೊಬೈಲಿನಲ್ಲಿ ತೆರೆಯಲು ತಡವಾಗುತ್ತಿದೆ, ಚಿತ್ರಗಳ ಗಾತ್ರವೇ ಕಾರಣವಿರಬಹುದು" ಎಂದು ಮೊದಲ ಸಾಲಿನಲ್ಲಿಯೇ ಹೇಳಿದವನ ಪತ್ರ ಮುಂದಕ್ಕೆ ಓದಲ್ಪಡುತ್ತದೆ, ಪಟ್ಟಿಯಲ್ಲಿ ಅವನ ಕಣ್ಣಿಗೆ ಮೊದಲು ಬೀಳುವುದು ಆರಂಭದ ಒಂದೆರಡು ಸಾಲು ಮಾತ್ರ. ಮಿತವೆಂದರೆ ಚಿಕ್ಕದೂ ಹೌದು, ತನ್ನ ಮಿತಿಯನ್ನು ಹೇಳುವುದೂ ಹೌದು. ಇಲ್ಲಿ ನಮ್ಮ ಸ್ಯಾದ್ವಾದ ನೆರವಿಗೆ ಬರುತ್ತದೆ. "ಎಲ್ಲವನ್ನೂ ಮಾಡಬಲ್ಲೆ" ಎಂಬುದು ಏಕಾಂತ. "ಈ ಭಾಗವನ್ನು ಆರು ದಿನಗಳಲ್ಲಿ ಮಾಡಬಲ್ಲೆ; ಹಣ ಪಾವತಿಯ ಭಾಗವನ್ನು ನಾನು ಹಿಂದೆ ಮಾಡಿಲ್ಲ, ಅದಕ್ಕೆ ಎರಡು ದಿನ ಹೆಚ್ಚು ಬೇಕು" ಎಂಬುದು ಅಪೇಕ್ಷೆಯನ್ನು ತಿಳಿದು ಆಡಿದ ಮಾತು. ಅನುಭವ ಕಡಿಮೆಯಿದ್ದವನು ವರ್ಷಗಳನ್ನು ಹಿಗ್ಗಿಸುವ ಬದಲು ಅಂಥದೇ ಒಂದು ಚಿಕ್ಕ ಕೆಲಸವನ್ನು ತಾನಾಗಿ ಮಾಡಿ ಮಾದರಿಯೆಂದು ಸ್ಪಷ್ಟವಾಗಿ ಬರೆದು ಲಗತ್ತಿಸಲಿ. ಅದೇ ಅವನ ಮೂರ್ತಿ. ಪ್ರಿಯದ ಬಗೆಗೆ ಹೆಚ್ಚು ಹೇಳಬೇಕಾದ್ದಿಲ್ಲ. ಸ್ಪರ್ಧಿಗಳನ್ನು ಹಳಿಯದಿದ್ದರೆ ಸಾಕು.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಪತ್ರಗಳನ್ನು ಯಂತ್ರವೇ ಬರೆದುಕೊಡುತ್ತಿದೆ. "ಸುಳ್ಳು ಬರೆದದ್ದು ನಾನಲ್ಲ, ಯಂತ್ರ" ಎಂಬ ವಾದ ಜೈನನ ಬಾಯಲ್ಲಿ ಬರಕೂಡದು. ಕೃತ, ಕಾರಿತ, ಅನುಮೋದಿತ ಎಂಬ ಮೂರೂ ದಾರಿಗಳಿಂದ ಆಸ್ರವವುಂಟೆಂದು ಮಕ್ಕಳಿಗೂ ಕಲಿಸುತ್ತೇವೆ; ಬರೆಸಿದ್ದು ಕಾರಿತ, ಓದಿ ಕಳುಹಿಸಿದ್ದು ಅನುಮೋದಿತ. ವ್ಯಾಕರಣವನ್ನು ತಿದ್ದಿಸಿಕೊಳ್ಳುವುದರಲ್ಲಿ ನನಗೆ ದೋಷ ಕಾಣದು. ಸೊರಬದ ಸರಕಾರಿ ಶಾಲೆಯಲ್ಲಿ ಓದಿದವನ ಇಂಗ್ಲಿಷ್ ತೊಡಕಾಗಿದ್ದರೆ ಅದು ಅವನ ಅಪರಾಧವಲ್ಲ.

ಇಷ್ಟನ್ನೂ ಬರೆಯುವವನಿಗೆ ಮಾತ್ರ ಹೇಳಿ ಬರೆಸುವವನನ್ನು ಬಿಟ್ಟರೆ ಪಕ್ಷಪಾತವಾದೀತು. 1970ರಲ್ಲಿ ಜಾರ್ಜ್ ಅಕರ್ಲಾಫ್ ಎಂಬ ಅರ್ಥಶಾಸ್ತ್ರಜ್ಞರು ಹಳೆಯ ಕಾರುಗಳ ಪೇಟೆಯ ಉದಾಹರಣೆಯಿಂದ ಒಂದು ಮಾತನ್ನು ತೋರಿಸಿಕೊಟ್ಟರು: ಕೊಳ್ಳುವವನು ಒಳ್ಳೆಯದನ್ನೂ ಕೆಟ್ಟದ್ದನ್ನೂ ಬೇರ್ಪಡಿಸಲಾರದೆ ಹೋದರೆ ಒಳ್ಳೆಯ ಸರಕೇ ಪೇಟೆಯಿಂದ ಹಿಂದೆಗೆಯುತ್ತದೆ. ನಮ್ಮ ಬಸದಿಗಳ ಟ್ರಸ್ಟುಗಳೂ ಕೊಳ್ಳುವವರೇ ಅಲ್ಲವೇ? ಜೀರ್ಣೋದ್ಧಾರಕ್ಕೆ ಮೂರು ದರಪಟ್ಟಿ ತರಿಸಿ, ಕಡಿಮೆಯದನ್ನು ಒಪ್ಪಿ, ಠರಾವು ಬರೆದು ಏಳುತ್ತೇವೆ. ನಾನೂ ಕುಳಿತಿದ್ದ ಅಂಥ ಒಂದು ಸಭೆಯಲ್ಲಿ ಒಬ್ಬ ಕಲ್ಲುಕೆಲಸದವನು "ಈ ಗೋಡೆಗೆ ಸಿಮೆಂಟು ಬೇಡ, ಸುಣ್ಣದ ಗಾರೆ ಬೇಕು, ಅದಕ್ಕೆ ಎರಡು ತಿಂಗಳು ಹೆಚ್ಚು ಹಿಡಿಯುತ್ತದೆ" ಎಂದು ಪ್ರಾಮಾಣಿಕವಾಗಿ ಬರೆದಿದ್ದನು. ದರ ಹೆಚ್ಚೆಂದು ಅವನದನ್ನು ಬದಿಗಿಟ್ಟೆವು. ಎಲ್ಲವನ್ನೂ ಒಂದು ತಿಂಗಳಲ್ಲಿ ಮುಗಿಸುವೆನೆಂದವನಿಗೆ ಕೆಲಸ ಹೋಯಿತು. ನಾಲ್ಕನೆಯ ಮಳೆಗಾಲಕ್ಕೆ ಸಿಮೆಂಟಿನ ಹಿಂದೆ ನೀರು ನಿಂತು ಕಲ್ಲು ಹೊಪ್ಪಳಿಕೆಯೇಳತೊಡಗಿತು. ಸುಳ್ಳು ಬರೆದವನ ದೋಷ ಅವನಿಗಿರಲಿ; ಸತ್ಯ ಬರೆದವನನ್ನು ನಷ್ಟಕ್ಕೆ ಗುರಿಮಾಡಿದ ದೋಷದಲ್ಲಿ ನನ್ನ ಸಹಿಯೂ ಇದೆ.

ಆದುದರಿಂದ ಸತ್ಯ ಬರೆದವನಿಗೇ ಕೆಲಸ ದೊರೆಯುತ್ತದೆಂದು ನಾನು ಆ ತರುಣನಿಗೆ ಹೇಳಲಿಲ್ಲ. ಹೇಳಿದ್ದರೆ ಅದೇ ಒಂದು ಮಿಥ್ಯೋಪದೇಶವಾಗುತ್ತಿತ್ತು. ಲಾಭವಿದ್ದಾಗ ಮಾತ್ರ ಪಾಲಿಸುವ ವ್ರತವನ್ನು ಯಾರೂ ತೆಗೆದುಕೊಳ್ಳಬೇಕಾಗಿಯೇ ಇಲ್ಲ, ಅದು ತಾನಾಗಿ ನಡೆಯುತ್ತದೆ ಎಂದಷ್ಟೇ ಹೇಳಿದೆನು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಮನೆಯ ಖರ್ಚಿನ ಲೆಕ್ಕವನ್ನು ಹೇಳಿದನು. ಅದಕ್ಕೆ ನನ್ನಲ್ಲಿ ಶಾಸ್ತ್ರದ ಉತ್ತರವಿರಲಿಲ್ಲ. ಮೂರು ತಿಂಗಳು ಟೋಕನ್ನಿನ ಖರ್ಚನ್ನು ನಾವು ನಾಲ್ಕು ಮನೆಯವರು ಹಂಚಿಕೊಳ್ಳುವುದೆಂದು ಮಾತಾಯಿತು.

ಅವನು ಎರಡು ವರ್ಷವೆಂದೇ ಬರೆದನು. ಹದಿನಾರು ಪತ್ರಗಳಿಗೆ ಉತ್ತರ ಬರಲಿಲ್ಲ. ಹದಿನೇಳನೆಯದಕ್ಕೆ ನಲವತ್ತು ಡಾಲರಿನ ಚಿಕ್ಕ ಕೆಲಸ ದೊರೆಯಿತು. ಗಿರಾಕಿಯು ಹಣವನ್ನು ಮುಂಚೆಯೇ ನ್ಯಾಸವಾಗಿ ಇರಿಸಿದ್ದನು, ಕೆಲಸ ಮುಗಿದು ಹಣ ಬಂದಿತು. ಅದರ ಮುಂದಿನ ವಾರ ದೊಡ್ಡದೊಂದು ಕೆಲಸ ಅನುಭವ ಸಾಲದೆಂಬ ಕಾರಣದಿಂದಲೇ ಕೈತಪ್ಪಿತು. ಇದನ್ನು ಬರೆಯುವ ಹೊತ್ತಿಗೆ ಅವನು ಇಪ್ಪತ್ತಮೂರನೆಯ ಪತ್ರವನ್ನು ಕಳುಹಿಸಿದ್ದಾನೆ.