ತಂದುಕೊಡುವವನ ಉಪಕಾರ

ಈದ್‌ಗೆ ಇನ್ನು ಐದು ದಿನವಿತ್ತು. ಶಿವಮೊಗ್ಗದ ಗಾಂಧಿ ಬಜಾರಿನ ಒಂದು ಬಟ್ಟೆ ಅಂಗಡಿಯ ಮುಂದೆ ಆಪಾಳ ಗಾಲಿಕುರ್ಚಿಯನ್ನು ನಿಲ್ಲಿಸಿ, ನಾಲ್ಕು ಬಟ್ಟೆ ಹೊರಗೆ ತಂದು ತೋರಿಸುತ್ತೀರಾ ಎಂದು ಕೇಳಲು ನಾನು ಒಳಗೆ ಹೋದೆ. ಅಂಗಡಿಗೆ ಮೂರು ಮೆಟ್ಟಿಲು. ಒಳಗೆ ಹಬ್ಬದ ಜನ. ಮಾತು ಮುಗಿಸಿ ಬರಲು ಐದಾರು ನಿಮಿಷ ಹಿಡಿದಿರಬೇಕು. ಬಂದು ನೋಡಿದರೆ ಅವಳ ಮಡಿಲಲ್ಲಿ ಹತ್ತು ರೂಪಾಯಿಯ ಒಂದು ನೋಟು ಬಿದ್ದಿತ್ತು.

"ಯಾರೋ ಹಿರಿಯರು. ಸಲಾಂ ಹೇಳಿದರು. ಗುರುತಿನವರೇನೋ ಅಂದುಕೊಂಡು ನಾನೂ ಜವಾಬು ಹೇಳಿದೆ. ಅಷ್ಟರಲ್ಲಿ ಹಾಕಿ ಹೊರಟೇಬಿಟ್ಟರು" ಎಂದಳು.

"ವಾಪಸ್ ಕೊಡಬೇಕಿತ್ತು."

"ಹೌದು, ಹಿಂದೆ ಓಡಿಹೋಗಿ ಕೊಡಬೇಕಿತ್ತು" ಎಂದು ನಕ್ಕಳು.

ಅವಳ ಪರ್ಸಿನಲ್ಲಿ ಮೂರು ಸಾವಿರ ರೂಪಾಯಿ ಇತ್ತು. ಓಣಿಯ ಹೆಂಗಸರ ಸೀರೆಗಳಿಗೆ ಫಾಲ್ ಹಚ್ಚಿ ದುಡಿದ ಹಣ. ಪ್ರತಿ ವರ್ಷ ತನ್ನ ಪಾಲಿನ ಫಿತ್ರಾವನ್ನು ತಾನೇ ಕೊಡುವವಳು. ಆ ನೋಟನ್ನೂ ಅದರ ಜೊತೆಗೇ ಸೇರಿಸಿ ಕೊಟ್ಟುಬಿಟ್ಟಳು. ನೋಟು ಹಾಕಿದ ಹಿರಿಯರನ್ನು ನಾನು ದೂರುವುದಿಲ್ಲ. ರಮಝಾನಿನಲ್ಲಿ ಕೈ ಸಡಿಲವಾಗುವುದು ಒಳ್ಳೆಯದೇ. ಆದರೆ ಬಜಾರಿಗೆ ಬಂದ ಆ ಸಾವಿರಾರು ಜನರಲ್ಲಿ ಗಾಲಿಕುರ್ಚಿಯಲ್ಲಿ ಕುಳಿತ ಒಬ್ಬಳು ಮಾತ್ರ ಕೊಳ್ಳಲು ಬಂದಿರಲಾರಳು, ಬೇಡಲು ಬಂದಿರಬೇಕು ಎಂದು ಅವರ ಕಣ್ಣಿಗೆ ಯಾಕೆ ಅಷ್ಟು ಬೇಗ ತೋರಿತು? ಕೊಟ್ಟದ್ದನ್ನು ಹಿಂತಿರುಗಿಸುವ ದಾರಿಯೇ ಇಲ್ಲದವರಿಗೆ ಕೊಟ್ಟದ್ದು ದಾನವೋ, ಹೇರಿಕೆಯೋ? ಈ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಬಿಡದಿರುವುದಕ್ಕೆ ಆ ಹಿರಿಯರಿಗಿಂತ ಹೆಚ್ಚಾಗಿ ನಾನೇ ಕಾರಣ. ಅದನ್ನು ಮುಂದೆ ಹೇಳುತ್ತೇನೆ.

ಆಪಾ ನನಗಿಂತ ಆರು ವರ್ಷಕ್ಕೆ ದೊಡ್ಡವಳು. ಎರಡು ವರ್ಷದ ಕೂಸಾಗಿದ್ದಾಗ ಜ್ವರ ಬಂತು. ಜ್ವರ ಇಳಿದಾಗ ಕಾಲುಗಳಲ್ಲಿ ಬಲವಿರಲಿಲ್ಲ. ಎಪ್ಪತ್ತರ ದಶಕದ ಮಾತು. ನಮ್ಮ ದೇಶದಲ್ಲಿ ಪಲ್ಸ್ ಪೋಲಿಯೋ ಶುರುವಾದದ್ದು 1995ರಲ್ಲಿ. ನೈಸರ್ಗಿಕ ಪೋಲಿಯೋ ವೈರಸ್ಸಿನ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿ 13ರಂದು, ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ. 2014ರ ಮಾರ್ಚ್ 27ರಂದು ಭಾರತ ಪೋಲಿಯೋಮುಕ್ತವೆಂದು ಪ್ರಮಾಣಪತ್ರ ಸಿಕ್ಕಿತು. ರೋಗ ಹೋಯಿತು, ರೋಗ ಮುಟ್ಟಿದವರು ಉಳಿದಿದ್ದಾರೆ. ಸಾಲದ್ದಕ್ಕೆ, ಈ ರೋಗ ಬಂದು ಹೋದ ಎಷ್ಟೋ ದಶಕಗಳ ಮೇಲೆ ಸ್ನಾಯುಗಳು ಮತ್ತೆ ಸೋಲತೊಡಗುವುದುಂಟು. ನಲವತ್ತರವರೆಗೆ ಕ್ಯಾಲಿಪರ್ ತೊಟ್ಟು, ಕೋಲೂರಿ ನಡೆಯುತ್ತಿದ್ದ ಆಪಾ ಆಮೇಲೆ ಕುರ್ಚಿಗೆ ಬಂದದ್ದು ಹಾಗೆ. 2011ರ ಜನಗಣತಿಯ ಪ್ರಕಾರ ದೇಶದ ಅಂಗವಿಕಲರು 2.68 ಕೋಟಿ, ಅವರಲ್ಲಿ ಸುಮಾರು 54 ಲಕ್ಷ ಜನ ಚಲನೆಯ ತೊಂದರೆಯುಳ್ಳವರು. ಇಷ್ಟು ಜನರಲ್ಲಿ ಎಷ್ಟು ಮಂದಿಯನ್ನು ನಾವು ಅಂಗಡಿಯ ಒಳಗೆ, ಗಲ್ಲಾಪೆಟ್ಟಿಗೆಯ ಎದುರಿಗೆ ಕಂಡಿದ್ದೇವೆ?

ನಮ್ಮ ಮನೆಯಲ್ಲಿ ಸೌದಾ ತರುವವನು ನಾನು. ಹತ್ತು ವರ್ಷದವನಿದ್ದಾಗಿನಿಂದ. ನಾವಾಡುವ ದಖನಿಯಲ್ಲಿ ಸೌದಾ ಎಂದರೆ ಅಂಗಡಿಯ ಸಾಮಾನು. ಪಕ್ಕದ ಮನೆಯ ಅಜ್ಜಿ ಅದನ್ನು ಕೇಳಿಸಿಕೊಂಡು, 'ಇವರ ಮನೆಗೆ ದಿನವೂ ಅದೆಷ್ಟು ಸೌದೆ ಬೇಕಪ್ಪಾ' ಎನ್ನುತ್ತಿದ್ದರು. ಉರ್ದು ಶಾಲೆಗೆ ಹೋದ ಮೇಲೆ ಅದೇ ಪದಕ್ಕೆ ಹುಚ್ಚು ಎಂಬ ಅರ್ಥವೂ ಇದೆಯೆಂದು ತಿಳಿಯಿತು. ಈದಿನ ಹಿಂದಿನ ರಾತ್ರಿ ಬಜಾರಿಗೆ ಹೋದವರಿಗೆ ಎರಡೂ ಅರ್ಥ ಒಂದೇ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಆಪಾಳ ಸೋಪು, ಸೂಜಿ, ಚಪ್ಪಲಿ, ಬಟ್ಟೆ ಎಲ್ಲವೂ ನನ್ನ ಕೈಯಿಂದಲೇ ಬಂದದ್ದು. "ಏನು ಬೇಕೋ ಹೇಳು ಆಪಾ, ತಂದುಕೊಡ್ತೀನಿ" ಎನ್ನುವುದರಲ್ಲಿ ನನಗೊಂದು ಹೆಮ್ಮೆಯಿತ್ತು. ಕೆಲವು ವರ್ಷಗಳ ಹಿಂದೆ ಯಾವುದೋ ಮಾತಿನ ನಡುವೆ ಅವಳು ಹೇಳಿದಳು: "ನನಗೆ ತಿಳಿ ಬಣ್ಣ ಆಗೋದೇ ಇಲ್ಲ." ಮೂವತ್ತು ವರ್ಷ ನಾನು ಅವಳಿಗೆ ತಂದದ್ದೆಲ್ಲ ತಿಳಿ ನೀಲಿ, ತಿಳಿ ಹಸಿರು, ಬೂದಿ. ಯಾರು ಅದನ್ನು ತೀರ್ಮಾನಿಸಿದರು? ಯಾರೂ ಇಲ್ಲ. ಕಾಲಿಲ್ಲದ ಹುಡುಗಿಗೆ ಕಣ್ಣು ಕುಕ್ಕುವ ಬಣ್ಣ ಯಾಕೆ ಎಂಬುದು ನಮ್ಮ ಮನೆಯ ಗಾಳಿಯಲ್ಲೇ ಇತ್ತು. ಅದನ್ನು ಉಸಿರಾಡಿ ನಾನು ಅಂಗಡಿಗೆ ಹೋಗುತ್ತಿದ್ದೆ. ಹೆಂಗಸರ ಒಳಮನಸ್ಸನ್ನು ಬಲ್ಲವನು ಎಂದು ನನ್ನ ಕತೆಗಳ ಬಗ್ಗೆ ಒಂದಿಬ್ಬರು ವಿಮರ್ಶಕರು ಬರೆದಿದ್ದಾರೆ. ಅವರು ಆಪಾಳ ಬೀರು ತೆರೆದು ನೋಡಿಲ್ಲ.

ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ತಂದುಕೊಟ್ಟವನಿಗೆ ಬಣ್ಣ ಸರಿಯಿಲ್ಲ ಅಂತ ಹೇಗೆ ಹೇಳೋದು?" ಎಂದಳು.

ನಮ್ಮ ಹಿರಿಯರ ಬಾಯಲ್ಲಿ ಒಂದು ಪ್ರಾರ್ಥನೆ ಸದಾ ಇರುತ್ತದೆ: ಅಲ್ಲಾಹನು ಯಾರನ್ನೂ ಇನ್ನೊಬ್ಬರ ಮೊಹ್ತಾಜ್ ಮಾಡದಿರಲಿ. ಮೊಹ್ತಾಜ್ ಎಂದರೆ ಇನ್ನೊಬ್ಬರ ಕೈ ಕಾಯುವವನು. ಕೈಕಾಲಿಲ್ಲದವರಿಗೂ ಅದೇ ಪದ. ಅಮ್ಮಿ ಪ್ರತಿ ನಮಾಝಿನ ನಂತರ ಇದನ್ನು ಬೇಡುತ್ತಾರೆ, ಆಪಾ ಪಕ್ಕದಲ್ಲೇ ಕುಳಿತಿರುತ್ತಾಳೆ. ನಾವು ಯಾವ ಸ್ಥಿತಿಗೆ ಅಂಜಿ ದೇವರ ಮೊರೆಹೋಗುತ್ತೇವೋ ಆ ಸ್ಥಿತಿಯಲ್ಲೇ ಇರುವವಳು ಅದಕ್ಕೆ ಆಮೀನ್ ಹೇಳುವಾಗ ಏನನ್ನು ಕೇಳಿಸಿಕೊಳ್ಳುತ್ತಾಳೆ? ಆ ಪ್ರಾರ್ಥನೆ ತಪ್ಪೆಂದು ನಾನು ಹೇಳುತ್ತಿಲ್ಲ. ನನಗೂ ಆ ಭಯ ಇದೆ. ಆದರೆ ಅದರಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಸೇರಿಹೋಗಿವೆ ಎಂದು ಈಗ ಅನ್ನಿಸುತ್ತದೆ. ಇನ್ನೊಬ್ಬರ ಕೈ ಬೇಕಾಗುವುದು ಒಂದು. ಆ ಕೈ ಹೇಳಿದಂತೆ ಕೇಳಬೇಕಾಗುವುದು ಇನ್ನೊಂದು.

ಮೊದಲನೆಯದರಿಂದ ಯಾರು ತಪ್ಪಿಸಿಕೊಂಡಿದ್ದಾರೆ? ನನ್ನ ಅಂಗಿಯ ಬಟ್ಟೆ ನೇಯ್ದವನು ಯಾರೋ, ಹೊಲಿದವನು ಯಾರೋ. ಅದಕ್ಕಾಗಿ ನನ್ನನ್ನು ಯಾರೂ ಮೊಹ್ತಾಜ್ ಎನ್ನುವುದಿಲ್ಲ, ಏಕೆಂದರೆ ಈ ದರ್ಜಿ ಬೇಡವೆನ್ನಿಸಿದರೆ ನಾನು ಇನ್ನೊಬ್ಬನ ಬಳಿ ಹೋಗಬಲ್ಲೆ. ಅಮೆರಿಕದ ಎಡ್ ರಾಬರ್ಟ್ಸ್ ಹದಿನಾಲ್ಕನೆಯ ವಯಸ್ಸಿನಲ್ಲಿ ಪೋಲಿಯೋದಿಂದ ಕತ್ತಿನ ಕೆಳಗೆ ಬಹುಪಾಲು ಚಲನೆ ಕಳೆದುಕೊಂಡವರು. ಉಸಿರಾಟಕ್ಕೂ ಯಂತ್ರ ಬೇಕಿತ್ತು. ಅವರೂ ಅವರ ಗೆಳೆಯರೂ 1972ರಲ್ಲಿ ಬರ್ಕ್ಲಿಯಲ್ಲಿ ಒಂದು ಕೇಂದ್ರ ಕಟ್ಟಿದರು. ಹೆಸರಿನಲ್ಲಿಯೇ ಸ್ವತಂತ್ರ ಬದುಕು ಎಂದಿತ್ತು. ಅಂಗಿಯ ಗುಂಡಿಯನ್ನೂ ತಾನೇ ಹಾಕಿಕೊಳ್ಳಲಾಗದವನ ಬಾಯಲ್ಲಿ ಸ್ವಾತಂತ್ರ್ಯ ಎಂದರೇನು? ಗುಂಡಿ ಹಾಕುವ ಕೈ ಬೇರೆಯವರದ್ದಾದರೂ ಯಾವ ಅಂಗಿ, ಎಷ್ಟು ಹೊತ್ತಿಗೆ ಎಂಬ ಮಾತು ತನ್ನದಾಗಿರುವುದು. ಆಪಾ ಈ ಹೆಸರನ್ನು ಕೇಳಿಲ್ಲ. ತಿಳಿ ಬಣ್ಣದ ವಿಷಯದಲ್ಲಿ ಅವಳು ಹೇಳಿದ್ದೂ ಇದನ್ನೇ.

ಈಗ ಬಜಾರಿಗೆ ಬರೋಣ. ಚೌಕಾಸಿ ಮಾಡುವುದು ಬಾಯಿಯಿಂದ ಎಂದು ನಾವು ತಿಳಿದಿದ್ದೇವೆ. ನಿಜವಾಗಿ ನೋಡಿದರೆ ಅದು ನಡೆಯುವುದು ಕಾಲಿನ ಬಲದ ಮೇಲೆ. "ಬೇಡ ಬಿಡಿ" ಎಂದು ಎದ್ದು ನಾಲ್ಕು ಹೆಜ್ಜೆ ಹಾಕಿದಾಗ ತಾನೇ ಅಂಗಡಿಯವನು "ಬನ್ನಿ ಅಕ್ಕಾ, ನಿಮ್ಮದೂ ಬೇಡ ನನ್ನದೂ ಬೇಡ" ಎಂದು ಕರೆಯುವುದು? ಆ ನಾಲ್ಕು ಹೆಜ್ಜೆ ಇಲ್ಲದವರ ಚೌಕಾಸಿ ಬೇಡಿಕೆಯಂತೆ ಕೇಳಿಸುತ್ತದೆ. ಅಂಗಡಿಯ ಹುಡುಗ ಕೆಳಗಿಳಿದು ಬೀದಿಗೆ ಬಟ್ಟೆ ತಂದು ತೋರಿಸಿದನೆಂದರೆ ಅದಾಗಲೇ ಅವನದೊಂದು ಉಪಕಾರ ತಲೆಯ ಮೇಲೆ ಕುಳಿತಿರುತ್ತದೆ. ಅವನು ಎರಡನೆಯ ಸಲ ಮೆಟ್ಟಿಲು ಹತ್ತಿ ಇಳಿದ ಮೇಲೆ ಇಲ್ಲವೆನ್ನುವುದು ಕಷ್ಟ.

ಅಂಗಡಿಯವರಿಗೆ ಕಾನೂನು ಇಲ್ಲವೇ ಎಂದರೆ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಖಾಸಗಿ ಸೇವೆಯವರನ್ನೂ ಬಿಟ್ಟಿಲ್ಲ. ನಿಯಮಗಳು ಬಂದು ಎರಡು ವರ್ಷದೊಳಗೆ ಎಲ್ಲರಿಗೂ ಎಟುಕುವಂತೆ ಮಾಡಿಕೊಳ್ಳಿ ಎನ್ನುತ್ತದೆ. ನಿಯಮ ಬಂದದ್ದು 2017ರ ಜೂನಿನಲ್ಲಿ. ಆ ಗಡುವು 2019ರಲ್ಲೇ ಮುಗಿಯಿತು. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ನಿಯಮಗಳಲ್ಲೊಂದನ್ನು, ಅದು ಬರೀ ಸಲಹೆಯಂತಿದೆ, ಕಡ್ಡಾಯದ ಮಾತಿಲ್ಲ ಎಂಬ ಕಾರಣಕ್ಕೆ ರದ್ದುಮಾಡಿ, ಕಡ್ಡಾಯ ನಿಯಮ ರೂಪಿಸಲು ಕೇಂದ್ರಕ್ಕೆ ಮೂರು ತಿಂಗಳು ಕೊಟ್ಟಿತು.

ಆದರೆ ಲೆಕ್ಕವನ್ನೂ ನೋಡಬೇಕು. ಇಳಿಜಾರು ಮಾಡಿದರೆ ಒಂದು ಇಂಚು ಎತ್ತರಕ್ಕೆ ಹನ್ನೆರಡು ಇಂಚು ಉದ್ದ ಬೇಕು; ಅದಕ್ಕಿಂತ ಕಡಿದಾದರೆ ಕುರ್ಚಿ ಹಿಂದಕ್ಕೆ ಜಾರುತ್ತದೆ. ಏಳೇಳು ಇಂಚಿನ ಮೂರು ಮೆಟ್ಟಿಲೆಂದರೆ ಇಪ್ಪತ್ತೊಂದು ಅಡಿಯ ಇಳಿಜಾರು. ಅಷ್ಟು ಉದ್ದಕ್ಕೆ ನೇರ ಕಟ್ಟಿದರೆ ಅದು ಚರಂಡಿ ದಾಟಿ ಬೀದಿಯೊಳಕ್ಕೆ ಬಂದುನಿಲ್ಲುತ್ತದೆ. ನಮ್ಮ ಕಡೆ ಮಳೆನೀರು ಒಳಗೆ ಬಾರದಿರಲೆಂದೇ ಅಂಗಡಿಗಳನ್ನು ಎತ್ತರಿಸಿ ಕಟ್ಟಿದ್ದು. ಕಟ್ಟಿದವರಲ್ಲಿ ದುರುದ್ದೇಶವೇನೂ ಇರಲಿಲ್ಲ. ಅವರ ಮನಸ್ಸಿನಲ್ಲಿ ಮಳೆ ಇತ್ತು, ಆಪಾ ಇರಲಿಲ್ಲ. ಅನ್ಯಾಯಗಳು ಹೆಚ್ಚಾಗಿ ಹೀಗೇ ಆಗುತ್ತವೆ.

ಇನ್ನೊಂದು ಸಂಗತಿಯನ್ನು ನಾನು ಆಪಾಳಿಂದಲೇ ಕಲಿತೆ. ಎರಡು ವರ್ಷದ ಹಿಂದೆ ಅವಳು ಹಿಂದಿನ ಚಕ್ರಕ್ಕೆ ಎರಡು ಪಕ್ಕದ ಚಕ್ರ ಜೋಡಿಸಿದ ಹಳೆಯ ಸ್ಕೂಟರೊಂದನ್ನು ಕೊಂಡಳು. ಅದರ ಮೇಲೆ ಒಬ್ಬಳೇ ಹೋಗಿಬರುತ್ತಾಳೆ. ಇಳಿಯಲಾರಳು, ಕುರ್ಚಿ ಮನೆಯಲ್ಲೇ ಇರುತ್ತದೆ. ಹಾಗಾಗಿ ಅವಳ ಬಜಾರೆಂದರೆ ತಳ್ಳುಗಾಡಿಗಳು. ಸ್ಕೂಟರಿನ ಮೇಲೆ ಕುಳಿತವಳ ಕೈಗೆ ಗಾಡಿಯ ಹಲಗೆ ಸರಿಯಾಗಿ ಎಟುಕುತ್ತದೆ. ಟೊಮೆಟೊ ಒತ್ತಿ ನೋಡುತ್ತಾಳೆ, ಬೆಂಡೆಕಾಯಿಯ ತುದಿ ಮುರಿಯುತ್ತಾಳೆ, ಬೆಲೆ ಹಿಡಿಸದಿದ್ದರೆ ಗಾಡಿ ಚಾಲೂ ಮಾಡಿ ಮುಂದಕ್ಕೆ ಹೋಗುತ್ತಾಳೆ. ಆ ನಾಲ್ಕು ಹೆಜ್ಜೆ ಈಗ ಅವಳಿಗೂ ಇವೆ. ಊರಿನಲ್ಲಿ ಮೆಟ್ಟಿಲಿಲ್ಲದ ಅಂಗಡಿ ಬಡವನದೊಂದೇ. ಫುಟ್‌ಪಾತು ತೆರವು ಮಾಡಿಸಿ, ಅಂಗವಿಕಲರಿಗೆ ದಾರಿ ಬಿಡಿಸಿ ಎಂದು ನಾವು ಓದಿದವರು ಪತ್ರಿಕೆಗಳಿಗೆ ಬರೆಯುತ್ತೇವೆ. ನಾನೂ ಬರೆದಿದ್ದೆ. ಕಾಲುದಾರಿ ಬೇಕು, ನಿಜ. ಆದರೆ ಗಾಡಿಗಳಿಗೆ ಜಾಗ ತೋರಿಸದೆ ಓಡಿಸಿದ ದಿನ ಆಪಾಳ ಬಜಾರೂ ಓಡಿಹೋಗುತ್ತದೆ. ಬೀದಿ ವ್ಯಾಪಾರಿಗಳಿಗೆ 2014ರ ಕಾಯಿದೆ ಇದೆ, ಅಂಗವಿಕಲರಿಗೆ 2016ರ ಕಾಯಿದೆ ಇದೆ. ಒಂದರ ಹೆಸರಿನಲ್ಲಿ ಇನ್ನೊಂದನ್ನು ಮುರಿಯುವವರೂ ಇದ್ದಾರೆ.

ಮೊಬೈಲಿನಲ್ಲಿ ತರಿಸಿಕೊಳ್ಳಬಹುದಲ್ಲ ಎಂದು ಹಲವರು ಹೇಳುತ್ತಾರೆ. ತರಿಸುತ್ತಾಳೆ. ನಾನು ಅದನ್ನು ಟೀಕಿಸಲು ಹೊರಟಾಗ ಅವಳೇ ತಡೆದಳು. "ಅಲ್ಲಿ ಬೇಡ ಅಂದರೆ ವಾಪಸ್ ತಗೋತಾರೆ. ಯಾರೂ ಮುಖ ಗಂಟು ಹಾಕಲ್ಲ" ಎಂದಳು. ಬಟ್ಟೆಯನ್ನು ಮಾತ್ರ ಅದರಲ್ಲಿ ಕೊಳ್ಳುವುದಿಲ್ಲ. ಸಾವಿರಾರು ಸೀರೆಗಳ ಅಂಚು ಬೆರಳಲ್ಲಿ ಹಾದುಹೋದವಳು. ಮುಟ್ಟದೆ ಅವಳಿಗೆ ಬಟ್ಟೆ ಕಾಣುವುದಿಲ್ಲ.

ಅಮ್ಮಿಗೆ ಅವಳು ಒಬ್ಬಳೇ ಹೋಗುವುದು ಇಂದಿಗೂ ಇಷ್ಟವಿಲ್ಲ. ಬೀಳುತ್ತಾಳೆ ಎಂಬ ಭಯ ಇದೆ, ಅದು ಸಹಜ. ಜೊತೆಗೆ ಮೋಸ ಹೋಗುತ್ತಾಳೆ ಎಂಬ ದೂರು. ಒಂದು ದಿನ ತಂದ ಮಾವಿನಹಣ್ಣಿನಲ್ಲಿ ಮೂರು ಕೊಳೆತಿದ್ದವು. "ನಾನು ಹೇಳಿರಲಿಲ್ವಾ" ಎಂದು ಅಮ್ಮಿ ಶುರುಮಾಡಿದರು. "ಇವನು ತಂದಾಗ ಕೊಳೆತದ್ದು ಇರಲೇ ಇಲ್ಲವಾ ಅಮ್ಮಿ?" ಎಂದಳು ಆಪಾ. ಇರುತ್ತಿದ್ದವು. ಆದರೆ ನಾನು ಮೋಸಹೋದರೆ ಅಂಗಡಿಯವನು ಕಳ್ಳ. ಅವಳು ಮೋಸಹೋದರೆ ಅವಳು ಹೋಗಿದ್ದೇ ತಪ್ಪು. ಅವಳ ಕೈಯ ಹಣ ಪೂರ್ತಿ ಅವಳದಾಗಬೇಕಾದರೆ ಅದನ್ನು ಕೆಟ್ಟ ಹಣ್ಣಿಗೆ ಕಳೆದುಕೊಳ್ಳುವ ಹಕ್ಕೂ ಅವಳಿಗಿರಬೇಕಲ್ಲವೇ? ಆ ಮೂರು ಹಣ್ಣುಗಳನ್ನು ಅವಳು ಕೆತ್ತಿ, ಉಳಿದಷ್ಟನ್ನು ಶರಬತ್ತು ಮಾಡಿದಳು.

ಬಟ್ಟೆ ಅಂಗಡಿಯ ಮುಂದೆ ಅಂದು ಏನಾಯಿತೆಂದು ಹೇಳಿ ಮುಗಿಸುತ್ತೇನೆ. ಹುಡುಗ ನಾಲ್ಕು ಬಟ್ಟೆ ತಂದ. ಆಪಾ ಮುಟ್ಟಿ ನೋಡಿ ತಲೆಯಾಡಿಸಿದಳು. ಕೆಂಪಿನಲ್ಲಿ ಹತ್ತಿಯದು ಇದ್ದರೆ ತೋರಿಸು ಎಂದಳು. ಇನ್ನು ಮೂರು ಬಂದವು. ಅವೂ ಬೇಡವಾದವು. ಮೂರನೆಯ ಸಲ ಅವನು ಮೆಟ್ಟಿಲಿಳಿದು ಬಂದಾಗ ಹಣೆಯ ಮೇಲೆ ಬೆವರಿತ್ತು, ಒಳಗಿನಿಂದ ಯಾರೋ ಅವನನ್ನು ಕೂಗುತ್ತಿದ್ದರು. ಅವನು ಆಪಾಳ ಕಡೆ ನೋಡದೆ ನನ್ನನ್ನೇ ನೋಡಿದ. ನನಗೆ ನಾಚಿಕೆಯಾಯಿತು. ಅವನ ಕೈಯಲ್ಲಿದ್ದ ಒಂದನ್ನು ತೆಗೆದುಕೊಂಡು, "ಇದು ಚೆನ್ನಾಗಿದೆಯಲ್ಲ ಆಪಾ, ಇದನ್ನೇ ತಗೋ, ಪಾಪ ಹುಡುಗ ಎಷ್ಟು ಸಲ ಹತ್ತಿಳಿಯಬೇಕು" ಎಂದುಬಿಟ್ಟೆ.

ಅವಳು ನನ್ನನ್ನು ಒಂದು ಕ್ಷಣ ನೋಡಿದಳು. ಪರ್ಸು ತೆಗೆದು ಹೇಳಿದಷ್ಟು ಹಣ ಎಣಿಸಿ ಕೊಟ್ಟಳು. ಚೌಕಾಸಿ ಮಾಡಲಿಲ್ಲ.

ಈದಿನ ದಿನ ಅವಳು ಹಳೆಯ ಬಟ್ಟೆಯನ್ನೇ ಉಟ್ಟಳು. ಆ ಬಟ್ಟೆ ಇನ್ನೂ ಹೊಲಿಯದೆ ಬೀರುವಿನಲ್ಲಿದೆ. ಬದಲಾಯಿಸಿಕೊಂಡು ಬರಲೇ ಎಂದು ಮೊನ್ನೆ ಕೇಳಿದೆ. "ನೀನು ಹೋಗಬೇಡ" ಎಂದಳು. ಬೀರುವಿನಿಂದ ಬಟ್ಟೆಯನ್ನು ತೆಗೆದುಕೊಂಡು ಸ್ಕೂಟರಿನ ಡಿಕ್ಕಿಯಲ್ಲಿ ಹಾಕಿಟ್ಟಿದ್ದಾಳೆ.