ಕೇಪು ಎಲ್ಲಿಡ್ತೀಯ?

ಹೋದ ತಿಂಗಳು ಒಂದು ಭಾನುವಾರ ಕಾಲೇಜಿನ ಗೆಳೆಯರು ನಾಲ್ಕು ಜನ ಮನೆಗೆ ಊಟಕ್ಕೆ ಬಂದಿದ್ದರು. ಹಾಲ್‌ನ ಗೋಡೆ ಮೇಲಿದ್ದ ಕೋವಿ ನೋಡಿ ಎಲ್ಲರಿಗೂ ಖುಷಿಯೋ ಖುಷಿ. ಒಬ್ಬ ಅದನ್ನು ಇಳಿಸಿಕೊಂಡು ಭುಜಕ್ಕೆ ಒತ್ತಿ, ಒಂದು ಕಣ್ಣು ಮುಚ್ಚಿ, ಸೋಫಾದಲ್ಲಿ ಕೂತಿದ್ದವನ ಹಣೆಗೆ ಗುರಿ ಇಟ್ಟ. ಕೂತವನು ನಗುತ್ತಾ ಎರಡೂ ಕೈ ಎತ್ತಿದ. ಇನ್ನೊಬ್ಬ ಫೋಟೋ ಹೊಡೆಯೋಕೆ ಮೊಬೈಲ್ ತೆಗೆದ. ಅಡುಗೆಮನೆಯಿಂದ ಸಾರಿನ ಪಾತ್ರೆ ಹಿಡಿದು ಬಂದ ನಾನು, "ಇಳಿಸೋ ಅದನ್ನ!" ಅಂತ ಕೂಗಿಬಿಟ್ಟೆ. ಎಷ್ಟು ಜೋರಾಗಿ ಅಂದರೆ ಎಲ್ಲರೂ ಒಂದು ಕ್ಷಣ ಸುಮ್ಮನಾದರು.

"ಲೋ, ಮರದ್ದು ಕಣೋ ಇದು. ನೀನೇ ಮಾಡಿದ್ದಲ್ವಾ?" ಅಂದ ಅವನು.

ಅವನು ಹೇಳಿದ್ದು ನೂರಕ್ಕೆ ನೂರು ನಿಜ. ಆ ಕೋವಿ ಯಾರನ್ನೂ ಕೊಲ್ಲಲಾರದು. ಅದರ ನಳಿಗೆಯಲ್ಲಿ ತೂತೇ ಇಲ್ಲ. ಹಾಗಿದ್ದರೆ ನನಗೆ ಯಾಕೆ ಅಷ್ಟು ಸಿಟ್ಟು ಬಂತು? ಅವರೆಲ್ಲ ಹೋದ ಮೇಲೆ ತಟ್ಟೆ ತೊಳೆಯುತ್ತಾ ಇದನ್ನೇ ಯೋಚಿಸುತ್ತಿದ್ದೆ. ಈ ಲೇಖನ ಆ ಯೋಚನೆಯದ್ದೇ ಮುಂದುವರಿಕೆ.

ಕೋವಿ ಮಾಡಿದ್ದು ಮನೆಯ ಬಾಲ್ಕನಿಯಲ್ಲಿ. ಹಳೆ ಮನೆ ಕೆಡವಿದ ಸಾಮಾನು ಮಾರುವ ಅಂಗಡಿಯಿಂದ ತೇಗದ ಒಂದು ಬಾಗಿಲ ಪಟ್ಟಿ ತಂದೆ. ಉಳಿ, ಕೀಸುಳಿ, ಅರ, ಮರಳು ಕಾಗದ, ಇಷ್ಟೇ ಸಲಕರಣೆ. ಎಂಟು ತಿಂಗಳ ಶನಿವಾರ, ಭಾನುವಾರ ಹೋಯ್ತು. ಕುದುರೆ ಮತ್ತು ಪಕ್ಕದ ತಗಡು ಹಿತ್ತಾಳೆಯದ್ದು. ಉಳಿದದ್ದೆಲ್ಲ ಮರ, ನಳಿಗೆಯೂ ಸೇರಿ. ಕೊನೆಗೆ ಮೂರು ಸಲ ಅಗಸೆ ಎಣ್ಣೆ ಉಜ್ಜಿದೆ. ನಮ್ಮ ದೇಶದಲ್ಲಿ ನಿಜವಾದ ಕೋವಿ ಮಾಡಬೇಕಾದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಲೈಸೆನ್ಸ್ ಬೇಕು. ನನಗೆ ನಿಜವಾದದ್ದು ಬೇಕಾಗಿರಲೂ ಇಲ್ಲ. ಬೇಕಿದ್ದದ್ದು ಅಜ್ಜನ ಕೋವಿಯ ರೂಪ. ಅಜ್ಜ ತೀರಿಕೊಂಡ ಮೇಲೆ ಲೈಸೆನ್ಸನ್ನು ಯಾರೂ ತಮ್ಮ ಹೆಸರಿಗೆ ಮಾಡಿಸಿಕೊಳ್ಳಲಿಲ್ಲ, ಕೋವಿಯನ್ನು ಠಾಣೆಗೆ ಒಪ್ಪಿಸಿದೆವು. ಒಂದು ಹಳೆ ಫೋಟೋ ಮತ್ತು ನನ್ನ ನೆನಪು, ಇವೆರಡೇ ನನ್ನ ಡ್ರಾಯಿಂಗ್.

ಮಲೆನಾಡಿನವರಿಗೆ ಕೇಪಿನ ಕೋವಿ ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಉಳಿದವರಿಗೆ ಸ್ವಲ್ಪ ಹೇಳುತ್ತೇನೆ. ಇದಕ್ಕೆ ಮದ್ದು, ಗುಂಡು ಎಲ್ಲವನ್ನೂ ನಳಿಗೆಯ ಬಾಯಿಂದಲೇ ತುಂಬಿ ಸಲಾಕೆಯಿಂದ ಜಡಿಯಬೇಕು. ಹಿಂದುಗಡೆ ಒಂದು ಸಣ್ಣ ಮೊಲೆಯಂಥ ಭಾಗವಿದೆ. ಅದರ ಮೇಲೆ ತಾಮ್ರದ ಪುಟ್ಟ ಟೋಪಿ ಕೂರಿಸುತ್ತಾರೆ. ಅದೇ ಕೇಪು. ಕುದುರೆ ಬಂದು ಕೇಪಿಗೆ ಹೊಡೆದಾಗ ಕಿಡಿ ಹಾರಿ ಒಳಗಿನ ಮದ್ದಿಗೆ ತಗಲುತ್ತದೆ. ಕೇಪು ಇಲ್ಲದಿದ್ದರೆ, ತುಂಬಿದ ಕೋವಿಯೂ ಒಂದು ದೊಣ್ಣೆಯಷ್ಟೇ.

ಅಜ್ಜನ ಕೋವಿ ಬೆಳೆ ಕಾಯೋದಕ್ಕೆ ಇದ್ದದ್ದು. ನಾನು ಹುಟ್ಟುವ ಮೊದಲು, ಭತ್ತ ಕೊಯ್ಲಿಗೆ ಬಂದಿದ್ದ ಒಂದು ಅಮಾವಾಸ್ಯೆ ರಾತ್ರಿ, ಗದ್ದೆಯಲ್ಲಿ ಸರಸರ ಸದ್ದಾಯಿತಂತೆ. ಹಂದಿ ಅಂದುಕೊಂಡು ಅಜ್ಜ ಅಟ್ಟಣೆಯಿಂದ ಹೊಡೆದ. ಅಲ್ಲಿದ್ದದ್ದು ಪಕ್ಕದ ಮನೆಯವರು, ನಾವು ಮಕ್ಕಳೆಲ್ಲ ದೊಡ್ಡಪ್ಪ ಅಂತ ಕರೆಯುತ್ತಿದ್ದವರು. ಬೇಲಿ ನೋಡೋಕೆ ಇಳಿದಿದ್ದರು. ಏಟು ಮೀನಖಂಡಕ್ಕೆ ಬಿತ್ತು. ಕಂಬಳಿಯಲ್ಲಿ ಹೊತ್ತು ರಸ್ತೆಗೆ ತಂದು, ಲಾರಿ ನಿಲ್ಲಿಸಿ ಆಸ್ಪತ್ರೆಗೆ ಸೇರಿಸಿದರು. ಜೀವ ಉಳಿಯಿತು, ಕಾಲು ಕುಂಟಾಯಿತು. ಬೆಳಗಾಗುವ ಹೊತ್ತಿಗೆ ಅಜ್ಜ ತಾನೇ ಠಾಣೆಗೆ ಹೋಗಿ ಇದ್ದದ್ದು ಇದ್ದಹಾಗೆ ಹೇಳಿದನಂತೆ. ಆಮೇಲೆ ಪ್ರತಿ ಮಳೆಗಾಲ ಅವರ ಗದ್ದೆಯ ಮೊದಲ ಉಳುಮೆ ಅಜ್ಜನ ಎತ್ತುಗಳದ್ದೇ. ಅಜ್ಜ ಇರೋವರೆಗೂ ಹಾಗೇ ನಡೆಯಿತು. ಅದನ್ನು ಯಾರೂ ಉಪಕಾರ ಅನ್ನಲಿಲ್ಲ, ದಂಡ ಅಂತಲೂ ಅನ್ನಲಿಲ್ಲ.

ಕೋವಿಯನ್ನು ಅಜ್ಜ ಬಿಡಲಿಲ್ಲ. ಬಿಟ್ಟರೆ ಹಂದಿ ಬಿಡಬೇಕಲ್ಲ! ಆದರೆ ಕೇಪಿನ ಡಬ್ಬಿಯನ್ನು ಅಜ್ಜಿಯ ಕೈಗೆ ಕೊಟ್ಟುಬಿಟ್ಟ. ಅಜ್ಜಿ ಅದನ್ನು ಉಪ್ಪಿನಕಾಯಿ ಭರಣಿಯ ಹಿಂದೆ ಎಲ್ಲೋ ಇಡುತ್ತಿದ್ದಳು, ಎಲ್ಲಿ ಅಂತ ಅಜ್ಜನಿಗೂ ಗೊತ್ತಿರಲಿಲ್ಲ. ನಾನು ಚಿಕ್ಕವನಿದ್ದಾಗ ಇದು ದಿನದ ನಾಟಕ. ರಾತ್ರಿ ಅಜ್ಜ ಬಾಗಿಲಲ್ಲಿ ನಿಂತು ಕೇಪು ಕೇಳಬೇಕು. "ಎಂತಕ್ಕೆ?" ಅನ್ನುತ್ತಿದ್ದಳು ಅಜ್ಜಿ. "ಕೆಳಗಿನ ಗದ್ದೆಗೆ ಹಂದಿ ಬಿದ್ದಿದೆ." "ಆಚೆ ಈಚೆ ಯಾರ್ಯಾರು ಕಾವಲಿಗೆ ಹೋಗಿದಾರೆ, ಕೂಗಿ ನೋಡಿದ್ರಾ?" ಉತ್ತರ ಸರಿ ಅನ್ನಿಸಿದರೆ ಒಂದೇ ಒಂದು ಕೇಪು ಅಂಗೈಗೆ ಹಾಕುತ್ತಿದ್ದಳು. ಎಷ್ಟೋ ಸಲ, "ಡಬ್ಬ ಬಡೀರಿ, ಸಾಕು" ಅಂತ ಬರಿಗೈಯಲ್ಲಿ ಕಳಿಸುತ್ತಿದ್ದಳು. ಅಜ್ಜ ಗೊಣಗುತ್ತಾ ಡಬ್ಬ ಹಿಡಿದು ಹೋಗುತ್ತಿದ್ದ.

ಈ ಕೇಪಿನ ಹಿಂದಿನ ತಂತ್ರ ಕಂಡುಹಿಡಿದವನು ಒಬ್ಬ ಪಾದ್ರಿ ಅಂತ ಕೋವಿ ಮಾಡುವಾಗ ಓದಿದೆ. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಫೋರ್ಸಿತ್. ಅವನಿಗೆ ಹಕ್ಕಿ ಬೇಟೆಯ ಹುಚ್ಚು. ಹಳೆಯ ಚಕಮಕಿ ಕಲ್ಲಿನ ಕೋವಿಯಲ್ಲಿ ಮೊದಲು ಹೊರಗೆ ಬೆಂಕಿ ಮಿಂಚಿ ಆಮೇಲೆ ಗುಂಡು ಹಾರುತ್ತಿತ್ತು, ಅಷ್ಟರಲ್ಲಿ ಹಕ್ಕಿ ಹಾರಿಹೋಗುತ್ತಿತ್ತು. ಹೊಡೆತಕ್ಕೇ ಸಿಡಿಯುವ ರಾಸಾಯನಿಕ ಬಳಸಿ ಅವನು ಆ ಅಂತರವನ್ನು ಕಡಿಮೆ ಮಾಡಿ, 1807ರಲ್ಲಿ ಪೇಟೆಂಟ್ ಪಡೆದ. ತಾಮ್ರದ ಕೇಪು ಬಂದದ್ದು ಅದರ ನಂತರ. ಐವತ್ತು ವರ್ಷದೊಳಗೆ ಅದೇ ತತ್ವ ಬ್ರಿಟಿಷ್ ಸೈನ್ಯದ 1853ರ ಎನ್‌ಫೀಲ್ಡ್ ರೈಫಲ್ಲಿನಲ್ಲಿತ್ತು. 1857ರಲ್ಲಿ ನಮ್ಮ ಸಿಪಾಯಿಗಳು ಸಿಡಿದೆದ್ದದ್ದು ಅದರ ಕೊಬ್ಬು ಸವರಿದ ತೋಟೆಗಳ ವಿಚಾರಕ್ಕೆ ತಾನೇ? ಹಕ್ಕಿ ತಪ್ಪಿಸಿಕೊಳ್ಳಬಾರದು ಅಂತ ಮಾಡಿದ್ದು ಎಲ್ಲಿಗೆ ಬಂತು ನೋಡಿ.

ಹಾಗಾದರೆ ಪಾದ್ರಿಯದ್ದು ತಪ್ಪೇ? ಇಂಥ ಪ್ರಶ್ನೆಗೆ ನಮ್ಮಲ್ಲಿ ಎರಡು ರೆಡಿಮೇಡ್ ಉತ್ತರಗಳಿವೆ. ಚಾಕುವಿನಲ್ಲಿ ತರಕಾರಿಯನ್ನೂ ಹೆಚ್ಚಬಹುದು, ಉಪಕರಣಕ್ಕೆ ಪಾಪ ಇಲ್ಲ ಅನ್ನೋದು ಒಂದು. ಮಾಡಿದವನೇ ಎಲ್ಲಕ್ಕೂ ಹೊಣೆ ಅನ್ನೋದು ಇನ್ನೊಂದು. ಮಿಖಾಯಿಲ್ ಕಲಾಶ್ನಿಕೋವ್ ಬಹುಕಾಲ ಮೊದಲನೆಯದನ್ನೇ ಹೇಳಿದ. ತಾನು ಬಂದೂಕು ಮಾಡಿದ್ದು ದೇಶ ಕಾಯೋದಕ್ಕೆ ಅಂತ. ರೈತರಿಗೆ ನೆರವಾಗುವ, ಹುಲ್ಲು ಕತ್ತರಿಸುವಂಥ ಯಂತ್ರ ಏನಾದರೂ ಮಾಡಿದ್ದರೆ ಚೆನ್ನಾಗಿತ್ತು ಅಂತ 2002ರಲ್ಲಿ ಒಮ್ಮೆ ಹೇಳಿದ್ದೂ ಉಂಟು. ಸಾಯುವ ಹಿಂದಿನ ವರ್ಷ, 2012ರಲ್ಲಿ, ರಷ್ಯಾದ ಚರ್ಚಿನ ಮುಖ್ಯಸ್ಥರಿಗೆ ಪತ್ರ ಬರೆದು, ನನ್ನ ಬಂದೂಕು ಜನರ ಪ್ರಾಣ ತೆಗೆದಿದ್ದರೆ ಆ ಸಾವುಗಳಿಗೆ ನಾನೂ ಹೊಣೆಯೇ ಎಂದು ಕೇಳಿದ. ತೊಂಬತ್ತು ದಾಟಿದ ಮೇಲೆ ಆ ಪ್ರಶ್ನೆ. ನನಗೆ ಅದು ತಡವಾಯಿತು ಅನ್ನಿಸಿದ್ದು ಅವನ ವಯಸ್ಸಿನ ಕಾರಣಕ್ಕಲ್ಲ, ಗುಂಡುಗಳೆಲ್ಲ ಹಾರಿದ ಮೇಲೆ ಕೇಳಿದ್ದಕ್ಕೆ.

ಈಗ ನನ್ನ ವಿಷಯಕ್ಕೆ ಬರುತ್ತೇನೆ. ಹಿಂದೊಮ್ಮೆ ನಮ್ಮ ಟೀಮು ಮೊಬೈಲ್ ಸಾಲ ಕೊಡುವ ಒಂದು ಕಂಪನಿಗೆ ಸಾಫ್ಟ್‌ವೇರ್ ಬರೆಯುತ್ತಿತ್ತು. ಕಂತು ತಪ್ಪಿಸಿದವರಿಗೆ ದಿನಕ್ಕೆ ಎಷ್ಟು ಸಲ, ಯಾವ ಹೊತ್ತಿಗೆ ಫೋನ್ ಹೋಗಬೇಕು ಅಂತ ಲೆಕ್ಕ ಹಾಕುವ ಭಾಗ ನನ್ನದು. ಚೆಂದದ ಕೋಡ್, ರಿವ್ಯೂನಲ್ಲಿ ಹೊಗಳಿಸಿಕೊಂಡದ್ದು. ಒಂದು ದಿನ ಒಂದು ದೂರು ಬಂತು. ಅಮ್ಮನ ಹನ್ನೊಂದನೇ ದಿನದ ಕಾರ್ಯ ಮಾಡುತ್ತಾ ಕೂತಿದ್ದವನಿಗೆ ಬೆಳಗ್ಗೆಯಿಂದ ಒಂಬತ್ತು ಕರೆ ಹೋಗಿತ್ತು. ನಾನು ಲಾಗ್ ತೆಗೆದು ನೋಡಿದೆ. ಲೆಕ್ಕ ಸರಿಯಾಗಿತ್ತು. 'ನಿರೀಕ್ಷಿಸಿದಂತೆಯೇ ಕೆಲಸ ಮಾಡುತ್ತಿದೆ' ಅಂತ ಬರೆದು ದೂರನ್ನು ಮುಚ್ಚಿ ಕಾಫಿಗೆ ಹೋದೆ.

ಅವತ್ತು ನಾನು ಯಾರಿಗೂ ಗುರಿ ಇಟ್ಟಿರಲಿಲ್ಲ, ನಿಜ. ಸಾಲ ಕೊಟ್ಟವನು ಬೇರೆ, ನಿಯಮ ಮಾಡಿದವನು ಬೇರೆ, ಫೋನ್ ಮಾಡಿದ ಹುಡುಗಿ ಇನ್ಯಾರೋ. ಅಜ್ಜನ ಕೋವಿಯಲ್ಲಿ ಹೊಡೆದವನು ಒಬ್ಬನೇ, ಬೆಳಗಾದರೆ ಹೋಗಿ ಒಪ್ಪಿಕೊಳ್ಳುವ ಠಾಣೆಯೂ ಒಂದಿತ್ತು. ನಮ್ಮ ಕೆಲಸದಲ್ಲಿ ಟ್ರಿಗರ್ ಎಷ್ಟು ಜನರ ನಡುವೆ ಹಂಚಿಹೋಗಿರುತ್ತದೆ ಅಂದರೆ ಯಾರ ಬೆರಳಿಗೂ ಅದು ತಾಗುವುದಿಲ್ಲ. ಮರದ ಕೋವಿ ಹಿಡಿದ ನನ್ನ ಗೆಳೆಯನ ಹಾಗೆ, ಇದರಿಂದ ಏನೂ ಆಗಲ್ಲ ಅಂತ ಆರಾಮಾಗಿ ಗುರಿ ಇಡುತ್ತೇವೆ. ಆವತ್ತಿನ ನನ್ನ ಸಿಟ್ಟು ಅವನ ಮೇಲಿನದ್ದಷ್ಟೇ ಆಗಿರಲಿಲ್ಲ ಅಂತ ಈಗ ಅನ್ನಿಸುತ್ತದೆ.

ರಿವ್ಯೂ ಇರೋದೇ ಅದಕ್ಕಲ್ವಾ ಅಂತ ನೀವು ಕೇಳಬಹುದು. ಅಲ್ಲಿ ನಾವು ಕೇಳೋದು ಕೋವಿ ಸರಿಯಾಗಿ ಸಿಡಿಯುತ್ತಾ ಅಂತ. ಗದ್ದೆಯಲ್ಲಿ ಯಾರಿದ್ದಾರೆ ಅಂತ ಯಾರೂ ಕೇಳುವುದಿಲ್ಲ. ಅಜ್ಜಿಗೆ ಕೋವಿಯ ಬಗ್ಗೆ ಏನೂ ಗೊತ್ತಿರಲಿಲ್ಲ, ಅವಳು ಕೇಳುತ್ತಿದ್ದದ್ದು ಗದ್ದೆಯ ಬಗ್ಗೆ. ಅಜ್ಜ ತನ್ನ ಮೇಲಿನ ನಂಬಿಕೆ ಕಳೆದುಕೊಂಡು ಡಬ್ಬಿ ಕೊಟ್ಟನೇ? ನನಗೆ ಹಾಗನ್ನಿಸುವುದಿಲ್ಲ. ಕತ್ತಲಲ್ಲಿ, ಅವಸರದಲ್ಲಿ, ಬೆಳೆ ಹೋಗುವ ಹೊಟ್ಟೆಯುರಿಯಲ್ಲಿ ಎಂಥ ಒಳ್ಳೆಯವನ ಕಣ್ಣಿಗೂ ಮನುಷ್ಯ ಹಂದಿಯಾಗಿ ಕಾಣಬಹುದು ಅಂತ ಅವನಿಗೆ ಗೊತ್ತಾಗಿತ್ತು. ಪಾದ್ರಿ ಕಡಿಮೆ ಮಾಡಿದ ಅಂತರವನ್ನು ಅಜ್ಜ ಅಜ್ಜಿ ಸೇರಿ ಮತ್ತೆ ಅಡುಗೆಮನೆಯವರೆಗೆ ಎಳೆದಿದ್ದರು. ಹೊಣೆ ಅನ್ನೋದು ಆ ಅಂತರದಲ್ಲಿ ಇರುತ್ತದೆ ಅಂತ ನನ್ನ ನಂಬಿಕೆ. ಹೊಡೆಯಬೇಕು ಅನ್ನಿಸಿದ್ದಕ್ಕೂ ಹೊಡೆಯುವುದಕ್ಕೂ ನಡುವೆ, ಇನ್ನೊಬ್ಬರಿಗೆ ಕಾರಣ ಹೇಳಬೇಕಾದ ಆ ನಾಲ್ಕು ಹೆಜ್ಜೆಯಲ್ಲಿ.

ಕಳೆದ ವಾರ ಊರಿಗೆ ಹೋದಾಗ ಅಜ್ಜಿಗೆ ಮೊಬೈಲಿನಲ್ಲಿ ಕೋವಿಯ ಫೋಟೋ ತೋರಿಸಿದೆ. ಕಣ್ಣಿನ ಹತ್ತಿರ ಹಿಡಿದು ತುಂಬಾ ಹೊತ್ತು ನೋಡಿದಳು. "ಥೇಟ್ ಅವರದ್ದೇ. ಕೇಪು ಎಲ್ಲಿಡ್ತೀಯ ಮಾರಾಯ?" ಅಂದಳು. ಇದು ಹೊಡೆಯಲ್ಲ ಅಜ್ಜಿ, ಕೇಪು ಬೇಡ ಅಂದೆ. "ಹೂಂ" ಅಂತ ಮೊಬೈಲ್ ವಾಪಸ್ ಕೊಟ್ಟಳು.

ಸೋಮವಾರ ಆಫೀಸಿನಲ್ಲಿ ಹೊಸ ಪ್ರಾಜೆಕ್ಟಿನ ರಿವ್ಯೂ ಇತ್ತು. ಚೆಕ್‌ಲಿಸ್ಟಿನ ಕೊನೆಗೆ ಒಂದು ಸಾಲು ಸೇರಿಸಿದೆ: 'ಇದು ಯಾರ ಮನೆ ಬಾಗಿಲಿಗೆ ಹೋಗುತ್ತದೆ? ಅವರನ್ನು ಕೂಗಿ ನೋಡಿದ್ದೀವಾ?' ಮ್ಯಾನೇಜರ್ ಓದಿ ನಕ್ಕರು. ಮುಂದಿನ ವಾರ ಮಾತಾಡೋಣ ಅಂದರು. ಸಾಲನ್ನು ಅಳಿಸಲಿಲ್ಲ, ಸದ್ಯಕ್ಕೆ ಅಷ್ಟೇ.